ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್: ಬ್ರೂಸ್ ಡಿಕಿನ್ಸನ್ ಆಲ್ಬಮ್ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಮದುವೆ, ಜಾತ್ರೆ, ಭಜನೆ, ದೊಡ್ಡಾಟ, ಗಣಪತಿ ಹಬ್ಬ, ಎಲ್ಲಕ್ಕೂ ನಮ್ಮ ಬಾಕ್ಸ್‌ಗಳು ಹೋಗುತ್ತವೆ. ಕೆಲಸವಿಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ನಾನು ಹಚ್ಚುವುದು ಹೆವಿ ಮೆಟಲ್, ಅಂದರೆ ಗಿಟಾರ್, ಡ್ರಮ್ಸ್ ಜೋರಾಗಿ ಮೊಳಗುವ ರಾಕ್ ಸಂಗೀತ. ಈ ಆಲ್ಬಮ್ ಬಂದಾಗಿನಿಂದ ಅದನ್ನು ಎಷ್ಟು ಸಲ ಹಚ್ಚಿದ್ದೇನೋ ಲೆಕ್ಕವಿಲ್ಲ. ಬಾಡಿಗೆ ಕೇಳಲು ಬಂದವರು, ಪಕ್ಕದ ಚಹಾದಂಗಡಿಯವರು, ಕಾಲೇಜು ಹುಡುಗರು, ಮನೆಯವರು, ಎಲ್ಲರೂ ಒಂದಲ್ಲ ಒಂದು ಪ್ರಶ್ನೆ ಕೇಳಿದ್ದಾರೆ. ಅವನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಯಾರು ಈ ಹಾಡುಗಾರ? ಆಲ್ಬಮ್ ಯಾವಾಗ ಬಂತು?

ಬ್ರೂಸ್ ಡಿಕಿನ್ಸನ್. ಐರನ್ ಮೇಡನ್ ಎಂಬ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡಿನ ಗಾಯಕ. ಇಂಗ್ಲೆಂಡಿನ ವರ್ಕ್‌ಸಾಪ್ ಎಂಬ ಊರಿನಲ್ಲಿ 1958ರಲ್ಲಿ ಹುಟ್ಟಿದವರು. 1981ರಲ್ಲಿ ಬ್ಯಾಂಡ್ ಸೇರಿದರು, 1993ರಲ್ಲಿ ಬಿಟ್ಟರು, 1999ರಲ್ಲಿ ವಾಪಸ್ ಬಂದರು. ವಿಮಾನ ಹಾರಿಸುವ ಲೈಸೆನ್ಸ್ ಇದೆ. ಬ್ಯಾಂಡಿನವರನ್ನೂ ಅವರ ಸಾಮಾನನ್ನೂ ಹೊತ್ತ ಬೋಯಿಂಗ್ ವಿಮಾನವನ್ನು ತಾವೇ ಹಾರಿಸಿಕೊಂಡು ಊರೂರು ಸುತ್ತಿದವರು. ಕತ್ತಿವರಸೆಯನ್ನೂ ಚೆನ್ನಾಗಿ ಬಲ್ಲರು.

ದಿ ಮ್ಯಾಂಡ್ರೇಕ್ ಪ್ರಾಜೆಕ್ಟ್ ಬಂದದ್ದು 2024ರ ಮಾರ್ಚ್ 1ರಂದು. ಬ್ಯಾಂಡಿನ ಹೊರಗೆ ಅವರು ಸ್ವಂತ ಹೆಸರಿನಲ್ಲಿ ಮಾಡಿದ ಏಳನೇ ಆಲ್ಬಮ್, ಅಂದರೆ ಸೋಲೋ ಆಲ್ಬಮ್ ಇದು. ಅದಕ್ಕೆ ಹಿಂದಿನದು 2005ರದು. ಅಂದರೆ ನಡುವೆ 19 ವರ್ಷ. ಗಿಟಾರ್, ಬೇಸ್ ಮತ್ತು ನಿರ್ಮಾಣ ರಾಯ್ ಝಿ ಅವರದು. ಇವರಿಬ್ಬರ ಜೋಡಿ ತೊಂಬತ್ತರ ದಶಕದಿಂದ ಇದೆ. ಡ್ರಮ್ಸ್ ಡೇವ್ ಮೊರೆನೊ, ಕೀಬೋರ್ಡ್ ಮಿಸ್ತೇರಿಯಾ. ಒಟ್ಟು ಹತ್ತು ಹಾಡು, ಒಂದು ಗಂಟೆಗೆ ಸ್ವಲ್ಪ ಕಡಿಮೆ.

ಮ್ಯಾಂಡ್ರೇಕ್ ಅಂದ್ರೆ ಆ ಜಾದೂಗಾರನಾ?

ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದವರೆಲ್ಲ ಮೊದಲು ಇದನ್ನೇ ಕೇಳುತ್ತಾರೆ. ಟೋಪಿ ಹಾಕಿದ ಆ ಜಾದೂಗಾರನಿಗೂ ಇದಕ್ಕೂ ಸಂಬಂಧವಿಲ್ಲ. ಮ್ಯಾಂಡ್ರೇಕ್ ಒಂದು ಗಿಡ. ಅದರ ಬೇರು ಕವಲೊಡೆದು ಮನುಷ್ಯನ ಕೈಕಾಲಿನ ಹಾಗೆ ಕಾಣುತ್ತದೆ. ಅದನ್ನು ಕಿತ್ತರೆ ಚೀರುತ್ತದೆ, ಆ ಚೀರಾಟ ಕೇಳಿದವನು ಸಾಯುತ್ತಾನೆ ಅಂತ ಯುರೋಪಿನ ಹಳೇ ನಂಬಿಕೆ. ಕಿತ್ತರೆ ಚೀರುವ, ಮನುಷ್ಯನ ಆಕಾರದ ಬೇರು. ಜೀವ ಕೀಳುವ ಕಥೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಿಕ್ಕಿಲ್ಲ.

ಕಾನ್ಸೆಪ್ಟ್ ಆಲ್ಬಮ್ ಅಂತೀರಲ್ಲ, ಹಾಗಂದ್ರೆ ಏನು?

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡುವುದು ಬಲು ಸುಲಭ. ನೀವು ದೊಡ್ಡಾಟ ನೋಡಿದ್ದೀರಲ್ಲ? ಹಾವೇರಿ ಕಡೆಯ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ನಾನು ತೂಗುಮೈಕ್ ಕಟ್ಟಲು ಹೋಗುತ್ತೇನೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಕು ಹರಿಯುವವರೆಗೆ ಆಟ. ಒಂದೊಂದು ಪದವೂ ಬಿಡಿಯಾಗಿ ಚೆಂದ. ಹೊಲದಲ್ಲಿ ಕೆಲಸ ಮಾಡುತ್ತ ಒಂದೇ ಪದವನ್ನು ಗುನುಗುವವರೂ ಇದ್ದಾರೆ. ಆದರೆ ಆ ಪದಕ್ಕೆ ಪೂರ್ತಿ ತೂಕ ಬರುವುದು ಆಟದ ಒಳಗೆ ಕೇಳಿದಾಗ. ಮೊದಲು ಯಾರು ಬಂದರು, ಯಾರು ಯಾರನ್ನು ಕಳೆದುಕೊಂಡರು ಅಂತ ಗೊತ್ತಿದ್ದಾಗ. ಕಾನ್ಸೆಪ್ಟ್ ಆಲ್ಬಮ್ ಅಂದರೂ ಅಷ್ಟೇ. ಹಾಡುಗಳು ಬೇರೆ ಬೇರೆ, ಅವನ್ನು ಪೋಣಿಸಿದ ದಾರ ಒಂದು.

ಡಿಕಿನ್ಸನ್‌ಗೆ ಇದು ಹೊಸದಲ್ಲ. 1988ರಲ್ಲಿ ಐರನ್ ಮೇಡನ್ ಜೊತೆ ಇಡೀ ಆಲ್ಬಮ್ ಒಂದೇ ಕಥೆಯ ಸುತ್ತ ಮಾಡಿದ್ದರು. 1998ರಲ್ಲಿ ವಿಲಿಯಂ ಬ್ಲೇಕ್ ಎಂಬ ಇಂಗ್ಲಿಷ್ ಕವಿಯ ಲೋಕವನ್ನೇ ಹಿಡಿದು ಒಂದು ಸೋಲೋ ಆಲ್ಬಮ್ ಮಾಡಿದರು. ಆ ಬ್ಲೇಕ್ ಆಲ್ಬಮ್ ಇವತ್ತಿಗೂ ನನಗೆ ಅವರ ಸೋಲೋ ಕೆಲಸಗಳಲ್ಲೇ ದೊಡ್ಡದು. ಇದು ಅದರ ಪಕ್ಕದಲ್ಲಿ ಕೂರುತ್ತದೆ.

ಕಥೆ ಏನು?

ಡಾಕ್ಟರ್ ನೆಕ್ರೋಪೊಲಿಸ್ ಅಂತ ಒಬ್ಬ. ಪ್ರೊಫೆಸರ್ ಲಾಜರಸ್ ಅಂತ ಇನ್ನೊಬ್ಬ. ಮನುಷ್ಯ ಸಾಯುವ ಕ್ಷಣದಲ್ಲಿ ಅವನ ಆತ್ಮವನ್ನು ಹಿಡಿದು, ಕೂಡಿಟ್ಟು, ಮತ್ತೊಂದು ಒಡಲಿಗೆ ತುಂಬುವುದು ಸಾಧ್ಯವಾ ಎಂಬ ಪ್ರಯೋಗ. ಅದರ ಹೆಸರೇ ಮ್ಯಾಂಡ್ರೇಕ್ ಪ್ರಾಜೆಕ್ಟ್. ಇಬ್ಬರಿಗೂ ಅದರ ಬಗ್ಗೆ ಬೇರೆ ಬೇರೆ ಆಸೆ. ಅದೇ ಜಗಳ.

ಈ ಕಥೆ ಪೂರ್ತಿಯಾಗಿ ಇರುವುದು ಹಾಡುಗಳಲ್ಲಿ ಅಲ್ಲ, 12 ಸಂಚಿಕೆಗಳ ಒಂದು ಕಾಮಿಕ್ಸ್ ಸರಣಿಯಲ್ಲಿ. ಕಲ್ಪನೆ ಡಿಕಿನ್ಸನ್ ಅವರದು, ಬರವಣಿಗೆ ಟೋನಿ ಲೀ, ಚಿತ್ರ ಸ್ಟಾಝ್ ಜಾನ್ಸನ್. ದೊಡ್ಡಾಟದಲ್ಲಿ ಸಾರಥಿ ಇರುತ್ತಾನಲ್ಲ, ಪಾತ್ರ ರಂಗಕ್ಕೆ ಬಂದ ಕೂಡಲೇ "ತಾವು ಯಾರು, ಎಲ್ಲಿಂದ ಬಂದಿರಿ" ಅಂತ ಕೇಳುವವನು? ಈ ಆಲ್ಬಮ್‌ನಲ್ಲಿ ಆ ಸಾರಥಿ ಇಲ್ಲ. ಅವನು ಕಾಮಿಕ್ಸಿನಲ್ಲಿ ಉಳಿದುಕೊಂಡಿದ್ದಾನೆ. ಹಾಗಾಗಿ ಹಾಡು ಮಾತ್ರ ಕೇಳುವವರಿಗೆ ಯಾವುದು ನೆಕ್ರೋಪೊಲಿಸ್ ಮಾತು, ಯಾವುದು ಲಾಜರಸ್ ಮಾತು ಅಂತ ತಿಳಿಯುವುದು ಕಷ್ಟ.

ಹಾಗಾದ್ರೆ ಕಾಮಿಕ್ಸ್ ಓದಲೇಬೇಕಾ?

ಬೇಡ. ನಾನು ಮೊದಲ ಆರು ತಿಂಗಳು ಒಂದು ಪುಟವೂ ನೋಡದೆ ಕೇಳಿದೆ. ಕಥೆ ಸಿಗದಿದ್ದರೂ ದಾರ ಸಿಕ್ಕಿತು. ಸಾವು, ಸಾವಿನ ಆಚೆಗಿನ ಆಸೆ, ಸತ್ತವರನ್ನು ಬಿಡಲಾರದ ಸಂಕಟ. ಹತ್ತೂ ಹಾಡು ಇದನ್ನೇ ಸುತ್ತುತ್ತವೆ.

65ನೇ ವಯಸ್ಸಿನಲ್ಲಿ ದನಿ ಉಳಿದಿದೆಯಾ?

ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ.

ಡಿಕಿನ್ಸನ್‌ಗೆ ಮೊದಲಿನಿಂದ ಒಂದು ಅಡ್ಡಹೆಸರಿದೆ, ಏರ್ ರೇಡ್ ಸೈರನ್ ಅಂತ. ಯುದ್ಧದ ಕಾಲದಲ್ಲಿ ವಿಮಾನ ಬಂತು ಅಂತ ಊರಿಗೆ ಎಚ್ಚರ ಕೊಡುವ ಸೈರನ್. 1982ರಲ್ಲಿ ಅವರ ದನಿ ಹಾಗೇ ಇತ್ತು. 2014ರ ಕೊನೆಗೆ ಅವರ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ಕುತ್ತಿಗೆಯ ಗ್ರಂಥಿಯಲ್ಲಿ ಇನ್ನೊಂದು. 33 ಸಲ ರೇಡಿಯೇಷನ್, ಒಂಬತ್ತು ವಾರ ಕೀಮೊ. 2015ರ ಮೇ ತಿಂಗಳಲ್ಲಿ ಗುಣವಾಗಿದೆ ಎಂದು ಡಾಕ್ಟರುಗಳು ಹೇಳಿದರು. ಇದು ಆದ ಮೇಲೆ ಬಂದ ಅವರ ಮೊದಲ ಸೋಲೋ ಆಲ್ಬಮ್ಮೇ ಮ್ಯಾಂಡ್ರೇಕ್ ಪ್ರಾಜೆಕ್ಟ್.

ಗಂಟಲಿಗೆ ರೇಡಿಯೇಷನ್ ಅಂದರೆ ಏನು ಅಂತ ನನಗೆ ಹತ್ತಿರದಿಂದ ಗೊತ್ತು. ನಮ್ಮ ಕಾಕಾ ಭಜನಾ ಮೇಳದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದರು. ಅವರಿಗೂ ಗಂಟಲ ಕ್ಯಾನ್ಸರ್ ಆಯಿತು. ನಮ್ಮ ಕಡೆ ಜನ ರೇಡಿಯೇಷನ್ ಅನ್ನುವುದಿಲ್ಲ, ಕರೆಂಟ್ ಕೊಡಿಸುವುದು ಅನ್ನುತ್ತಾರೆ. ಮೂರನೇ ವಾರಕ್ಕೆ ಕಾಕಾನ ಕುತ್ತಿಗೆಯ ಚರ್ಮ ಕಪ್ಪಾಯಿತು. ಬಾಯಿ ಒಣಗಿತು. ಎಂಜಲು ಬರುವ ಗ್ರಂಥಿಗಳೇ ಸುಟ್ಟುಹೋಗುತ್ತವೆ, ಅದಕ್ಕೆ. ರೊಟ್ಟಿ ನುಂಗಲು ಆಗದೆ ಅಂಬಲಿಗೆ ಇಳಿದರು. ಈಗಲೂ ಎಲ್ಲಿ ಹೋದರೂ ನೀರಿನ ಬಾಟಲಿ ಜೊತೆಗಿರಬೇಕು. ಮಾತಾಡುತ್ತ ನಡುವೆ ನಿಲ್ಲಿಸಿ ಒಂದು ಗುಟುಕು ಕುಡಿಯುತ್ತಾರೆ, ಆಮೇಲೆ ಮಾತು. ಇದನ್ನು ದಿನಾ ನೋಡಿದವನು ನಾನು. ಅದಕ್ಕೇ ಈ ಆಲ್ಬಮ್‌ನ ಮೊದಲ ಹಾಡಿನಲ್ಲಿ ಆ ದನಿ ಎದ್ದು ಬಂದಾಗ ಕೈಯಲ್ಲಿದ್ದ ವೈರ್ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ದನಿ ಮೊದಲಿನ ಹಾಗಿದೆಯಾ ಅಂದರೆ, ಇಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಅಂಚಿನಲ್ಲಿ ಒಂದು ಗೊಗ್ಗರು ಇದೆ. ಮೊದಲು ಹಾರಿ ಮುಟ್ಟುತ್ತಿದ್ದರು, ಈಗ ಹತ್ತಿ ಮುಟ್ಟುತ್ತಾರೆ. ಆದರೆ ಕೆಳಗಿನ ಸ್ವರಗಳು ನೋಡಿ, ಅಲ್ಲಿ ಹಿಂದೆಂದೂ ಇಲ್ಲದ ಆಳ ಬಂದಿದೆ. ಫೇಸ್ ಇನ್ ದಿ ಮಿರರ್ ಹಾಡಿನಲ್ಲಿ ಅವರು ಬಹುತೇಕ ಮಾತಾಡಿದ ಹಾಗೆ ಹಾಡುತ್ತಾರೆ. ಕುಡಿತಕ್ಕೆ ಬಿದ್ದವನ ಬಗ್ಗೆ ಹಾಡು ಅದು. ಒಳ್ಳೆ ಹೆಡ್‌ಫೋನ್ ಹಾಕಿಕೊಂಡರೆ ಸಾಲು ಸಾಲಿನ ನಡುವೆ ಉಸಿರು ಒಳಗೆ ಹೋಗುವುದು ಕೇಳಿಸುತ್ತದೆ. ನಾನು ಎಷ್ಟೋ ಹಾಡುಗಾರರ ಮುಂದೆ ಮೈಕ್ ಇಟ್ಟಿದ್ದೇನೆ. ದಣಿದ ಉಸಿರು ಯಾವುದು, ಬೇಕಂತಲೇ ತಡೆದು ಬಿಟ್ಟ ಉಸಿರು ಯಾವುದು ಅಂತ ಕಿವಿಗೆ ಗೊತ್ತಾಗುತ್ತದೆ. ಇದು ಎರಡನೆಯದು.

ಹುಬ್ಬಳ್ಳಿ-ಧಾರವಾಡದವರಿಗೆ ನಾನು ಇನ್ನೊಂದು ಮಾತು ಹೇಳುತ್ತೇನೆ. ಗಂಗೂಬಾಯಿ ಹಾನಗಲ್ ಅವರ ದನಿ ಚಿಕ್ಕಂದಿನಲ್ಲಿ ತೆಳುವಾಗಿತ್ತು. ಗಂಟಲಿನ ಚಿಕಿತ್ಸೆ ಆದ ಮೇಲೆ ಗಡಸಾಯಿತು, ಗಂಡುದನಿಯ ಹಾಗೆ ಭಾರವಾಯಿತು. ಆ ದನಿಯನ್ನೇ ಜಗತ್ತು ತಲೆಬಾಗಿ ಕೇಳಿತು. ಅವರ ಊರಿನಲ್ಲಿ ಬೆಳೆದ ನಾವು, ಬದಲಾದ ದನಿಯನ್ನು ಹಾಳಾದ ದನಿ ಅನ್ನಬಾರದು.

ಇದು ದೆವ್ವ, ಸೈತಾನ ಅಂತ ಹಾಡೋ ಸಂಗೀತ ಅಲ್ವಾ?

ನಮ್ಮ ಅವ್ವ ಕೇಳಿದ ಪ್ರಶ್ನೆ. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಹಾಡುಗಳಲ್ಲಿ ಸ್ಮಶಾನ ಇದೆ, ನರಕದ ಬಾಗಿಲು ಇದೆ, ಒಂದು ಕಡೆ ಸೈತಾನನೂ ಬರುತ್ತಾನೆ. ಬಂದ ಮಾತ್ರಕ್ಕೆ ಪೂಜೆ ಅಲ್ಲ. ನಮ್ಮ ಶಿಗ್ಗಾಂವಿ ಕಡೆಯ ಶರೀಫಜ್ಜನ ತತ್ವಪದಗಳಲ್ಲಿ ಸಾವಿನ ಮಾತು ಎಷ್ಟಿಲ್ಲ? ದೇಹವನ್ನು ಸೋರುವ ಮನೆ ಅಂದವರು ಅವರು. ಭಜನೆಯಲ್ಲಿ ಅದನ್ನು ಕೇಳಿ ಯಾರೂ ಹೆದರಿ ಎದ್ದು ಹೋಗುವುದಿಲ್ಲ. ಇಲ್ಲಿ ತಾಳ ಜೋರಾಗಿದೆ, ಗಿಟಾರ್ ಇದೆ. ವಿಷಯ ನಮಗೆ ಗೊತ್ತಿರುವುದೇ.

ಒಂದೇ ಒಂದು ಹಾಡು ಕೇಳಬೇಕು ಅಂದ್ರೆ ಯಾವುದು?

ರೇನ್ ಆನ್ ದಿ ಗ್ರೇವ್ಸ್. ಸಮಾಧಿಗಳ ಮೇಲೆ ಮಳೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಕೆರೆಗಳ ಸೀಮೆಯಲ್ಲಿ ಗ್ರಾಸ್‌ಮಿಯರ್ ಎಂಬ ಹಳ್ಳಿ ಇದೆ. ಅಲ್ಲಿನ ಚರ್ಚಿನ ಅಂಗಳದಲ್ಲಿ ಕವಿ ವರ್ಡ್ಸ್‌ವರ್ತ್ ಅವರ ಸಮಾಧಿ. 1850ರಲ್ಲಿ ತೀರಿಕೊಂಡವರು. ಆ ಸಮಾಧಿಯ ಮುಂದೆ ಮಳೆಯಲ್ಲಿ ನಿಂತಾಗ ಡಿಕಿನ್ಸನ್‌ಗೆ ಈ ಹಾಡಿನ ಸಾಲು ಹೊಳೆಯಿತಂತೆ. ಹಾಡಿನಲ್ಲಿ ಒಬ್ಬ ಸಮಾಧಿಗಳ ನಡುವೆ ಸೈತಾನನನ್ನು ಭೇಟಿಯಾಗುತ್ತಾನೆ. ಪದ್ಯ ಭಾಗದಲ್ಲಿ ಗಿಟಾರ್ ಹಿಂದೆ ಸರಿದು, ಅವರು ಕಥೆ ಹೇಳುವ ಕೀರ್ತನಕಾರನ ಹಾಗೆ ದನಿ ಏರಿಸಿ ಇಳಿಸಿ ಹೇಳುತ್ತಾರೆ. ಆಮೇಲೆ ಪಲ್ಲವಿ ಬಂದಾಗ ಎಲ್ಲ ಒಟ್ಟಿಗೆ ಬೀಳುತ್ತದೆ. ಎರಡನೇ ಸಲ ಪಲ್ಲವಿ ಬರುವ ಹೊತ್ತಿಗೆ ನಿಮಗೂ ಬಾಯಿಪಾಠ ಆಗಿರುತ್ತದೆ. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ, ಬಾಗಿಲು ಅರ್ಧ ಹಾಕಿದ ಅಂಗಡಿಯಲ್ಲಿ ಕೂತು ಇದನ್ನು ಕೇಳಿ ನೋಡಿ.

ಹತ್ತು ಹಾಡಿನಲ್ಲಿ ನಿಮಗೆ ಅತಿ ಇಷ್ಟವಾದದ್ದೂ ಅದೇನಾ?

ಅಲ್ಲ. ಶುರುವಿಗೆ ಅದು ಒಳ್ಳೆಯದು. ನನ್ನ ಮನಸ್ಸಿನಲ್ಲಿ ಉಳಿದದ್ದು ಕೊನೆಯ ಹಾಡು, ಸೊನಾಟ. ಹತ್ತು ನಿಮಿಷದ ಹತ್ತಿರ ಇದೆ.

ಈ ಹಾಡಿನ ಹುಟ್ಟು ವಿಚಿತ್ರ. ಬೀಥೋವನ್ ಕುರಿತ ಒಂದು ಸಿನಿಮಾ ನೋಡಿ ಬಂದ ರಾಯ್ ಝಿ ಸುಮಾರು 25 ವರ್ಷದ ಹಿಂದೆ ಇದರ ಸಂಗೀತ ಮಾಡಿಟ್ಟಿದ್ದರು. ಡಿಕಿನ್ಸನ್ ಮೈಕ್ ಮುಂದೆ ನಿಂತು ಬಹುಪಾಲು ಆಗಿಂದಾಗಲೇ, ಆಶುವಾಗಿ ಹಾಡಿದರು. ನಂತರ ಅದು ಹಾಗೇ ಬಿದ್ದಿತ್ತು. ಕಾಲು ಶತಮಾನ ಆದ ಮೇಲೆ ಅದನ್ನು ಹೊರತೆಗೆದು ಈ ಆಲ್ಬಮ್‌ನ ಕೊನೆಗೆ ಇಟ್ಟರು.

ನಿಧಾನಕ್ಕೆ ಶುರುವಾಗುತ್ತದೆ. ಕೀಬೋರ್ಡಿನ ಒಂದೊಂದೇ ಹನಿ. ಕಾಡಿನಲ್ಲಿ ಮಲಗಿದ ಚೆಲುವೆ, ಅವಳ ಬಳಿಗೆ ಬರುವ ಕತ್ತಲ ರಾಜ. ಚಿಕ್ಕಮಕ್ಕಳ ಕಥೆ ಅನ್ನಿಸಿ, ಬರಬರುತ್ತ ಅಲ್ಲಿ ಏನೋ ಸರಿ ಇಲ್ಲ ಅಂತ ಮೈ ಜುಮ್ಮೆನ್ನುತ್ತದೆ. ನಡುವೆ ಅವರು ಹಾಡುವುದನ್ನೇ ಬಿಟ್ಟು ಪಿಸುಗುಟ್ಟುತ್ತಾರೆ. ಆಮೇಲೆ ಒಂದೇ ಬೇಡಿಕೆಯನ್ನು ಮತ್ತೆ ಮತ್ತೆ, ಪ್ರತಿ ಸಲ ಸ್ವಲ್ಪ ಮೇಲಕ್ಕೆ ಒಯ್ದು ಹಾಡುತ್ತಾರೆ. ರಾಗವನ್ನು ಬಡತ್ ಮಾಡುತ್ತ, ಅಂದರೆ ಮೆಲ್ಲಮೆಲ್ಲಗೆ ಬೆಳೆಸುತ್ತ ಹೋಗುವುದನ್ನು ಕೇಳಿ ಬೆಳೆದ ಊರು ನಮ್ಮದು. ಮಲ್ಲಿಕಾರ್ಜುನ ಮನ್ಸೂರ್, ಬಸವರಾಜ ರಾಜಗುರು ಓಡಾಡಿದ ಬೀದಿಗಳಿವು. ಒಂದೇ ಮಾತನ್ನು ತಿರುಗಿ ತಿರುಗಿ ಹೇಳಿದರೂ ಬೇಸರ ಬರದಂತೆ ಮಾಡುವುದು ಎಷ್ಟು ಕಷ್ಟ ಅಂತ ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ. ಈ ಹಾಡು ಅದನ್ನು ಮಾಡುತ್ತದೆ.

ಫೇಸ್ ಇನ್ ದಿ ಮಿರರ್‌ನ ಮಾಗಿದ ದನಿ, ಆಮೇಲೆ ಕೊನೆಗೆ ಈ ಹಳೇ ದನಿ. ಒಂದೇ ಆಲ್ಬಮ್‌ನಲ್ಲಿ ಒಬ್ಬನೇ ಮನುಷ್ಯನ ಎರಡು ವಯಸ್ಸು. ಸತ್ತವರನ್ನು ಎಬ್ಬಿಸುವ ಕಥೆಗೆ ಹಳೇ ದನಿಯನ್ನೇ ಎಬ್ಬಿಸಿ ತಂದದ್ದು ನನಗೆ ಬಹಳ ಸರಿ ಕಂಡಿತು.

ಉಳಿದ ಹಾಡುಗಳು?

ಮೊದಲನೆಯದು ಆಫ್ಟರ್‌ಗ್ಲೋ ಆಫ್ ರಾಗ್ನಾರೋಕ್. ಆಲ್ಬಮ್‌ಗಿಂತ ಮೊದಲೇ, 2023ರ ನವೆಂಬರ್ 30ರಂದು ಬಿಡಿಯಾಗಿ ಬಂದಿತ್ತು. ರಾಗ್ನಾರೋಕ್ ಅಂದರೆ ಉತ್ತರ ಯುರೋಪಿನ ಪುರಾಣದ ಪ್ರಳಯ. ಆ ಪ್ರಳಯ ಮುಗಿದ ಮೇಲೆ ಆಕಾಶದಲ್ಲಿ ಉಳಿದ ಬೆಳಕಿನ ಹಾಡು. ಗಿಟಾರ್ ತುಂಬ ಭಾರ. ಮೆನಿ ಡೋರ್ಸ್ ಟು ಹೆಲ್ ಅದಕ್ಕಿಂತ ಹಗುರ, ಎಂಬತ್ತರ ದಶಕದ ರಾಕ್ ಇಷ್ಟಪಡುವವರಿಗೆ ಹಿಡಿಸುತ್ತದೆ.

ರಿಸರೆಕ್ಷನ್ ಮೆನ್ ಬಗ್ಗೆ ಎರಡು ಮಾತು ಹೇಳಬೇಕು. ಬ್ರಿಟನ್ನಿನಲ್ಲಿ 18-19ನೇ ಶತಮಾನದಲ್ಲಿ ವೈದ್ಯಕೀಯ ಶಾಲೆಗಳಿಗೆ ಕೊಯ್ದು ಕಲಿಯಲು ಹೆಣ ಸಾಲುತ್ತಿರಲಿಲ್ಲ. ರಾತ್ರಿ ಗೋರಿ ಅಗೆದು ಹೆಣ ಕದ್ದು ಮಾರುವವರು ಹುಟ್ಟಿಕೊಂಡರು. ಅವರನ್ನು ಜನ ಕರೆಯುತ್ತಿದ್ದದ್ದು ಈ ಹೆಸರಿನಿಂದ. ಹಾಡು ಶುರುವಾಗುವುದು ಹಳೇ ಕೌಬಾಯ್ ಸಿನಿಮಾದ ಗಿಟಾರಿನ ಹಾಗೆ, ಕುದುರೆ ಹತ್ತಿ ಯಾರೋ ಬರುತ್ತಿದ್ದಾರೆ ಅನ್ನುವ ಹಾಗೆ. ನಡುವೆ ಇದ್ದಕ್ಕಿದ್ದಂತೆ ಬೇಸ್ ಒಂದೇ ಉಳಿದು ನೆಲ ನಡುಗುತ್ತದೆ. ನಮ್ಮ 18 ಇಂಚಿನ ಬಾಕ್ಸಿನಲ್ಲಿ ಹಚ್ಚಿದಾಗ ಕಪಾಟಿನ ಗಾಜು ಗಿರಗಿರ ಅಂದಿತು.

ಮಿಸ್ಟ್ರೆಸ್ ಆಫ್ ಮರ್ಸಿ ನನಗೆ ಸಂಗೀತವನ್ನೇ ಹೆಣ್ಣಾಗಿ ಕರೆದು ಹಾಡಿದ ಹಾಗೆ ಕೇಳಿಸುತ್ತದೆ. ಶ್ಯಾಡೋ ಆಫ್ ದಿ ಗಾಡ್ಸ್ ಮೆಲ್ಲಗೆ ಶುರುವಾಗಿ ಕೊನೆಗೆ ಓಡುತ್ತದೆ.

ಇಷ್ಟವಾಗದ್ದು ಏನೂ ಇಲ್ವಾ?

ಇದೆ. ಎಟರ್ನಿಟಿ ಹ್ಯಾಸ್ ಫೇಲ್ಡ್ ಹಾಡನ್ನು ನಾವು ಮೊದಲೇ ಕೇಳಿದ್ದೆವು. ಸೋಲೋ ಆಲ್ಬಮ್‌ಗೆ ಅಂತ ಬರೆದದ್ದನ್ನು ಐರನ್ ಮೇಡನ್ ತಗೊಂಡು, ಸ್ವಲ್ಪ ಬೇರೆ ಹೆಸರಿನಲ್ಲಿ 2015ರ ಆಲ್ಬಮ್‌ನ ಮೊದಲ ಹಾಡಾಗಿ ಮಾಡಿತ್ತು. ಈಗ ಅದು ತನ್ನ ಮನೆಗೆ ವಾಪಸ್ ಬಂದಿದೆ, ಅದು ಸರಿ. ಕೊಳಲಿನ ಶುರುವಾತು ಚೆಂದ ಇದೆ. ಆದರೂ ಬ್ಯಾಂಡಿನವರು ಬಾರಿಸಿದ ಆ ಧಾಟಿ ಕಿವಿಯಿಂದ ಹೋಗುವುದಿಲ್ಲ.

ಫಿಂಗರ್ಸ್ ಇನ್ ದಿ ವೂಂಡ್ಸ್ ನಾಲ್ಕು ನಿಮಿಷವೂ ಇಲ್ಲ. ನಡುವಿನಲ್ಲಿ ಪೂರ್ವದೇಶದ ಧಾಟಿಯ ಒಂದು ತುಣುಕು ಬರುತ್ತದೆ, ಇನ್ನೇನು ಅರಳಬೇಕು, ಅಷ್ಟರಲ್ಲಿ ಮುಗಿದುಬಿಡುತ್ತದೆ. ಅದನ್ನು ಇನ್ನೆರಡು ನಿಮಿಷ ಬೆಳೆಸಿದ್ದರೆ ಅಂತ ಪ್ರತಿ ಸಲ ಅನಿಸುತ್ತದೆ.

ಮಿಕ್ಸಿಂಗ್ ಬಗ್ಗೆಯೂ ಒಂದು ತಕರಾರು. ಕೆಲವು ಕಡೆ ಗಿಟಾರ್ ಮತ್ತು ಬೇಸ್ ಒಂದರ ಮೇಲೊಂದು ಕೂತು, ನಡುವಿನ ದನಿಗಳು ಹೂತುಹೋಗಿವೆ. ಮೆನಿ ಡೋರ್ಸ್ ಟು ಹೆಲ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ನನ್ನ ಮಿಕ್ಸರಿನಲ್ಲಿ ಬೇಸ್ ಸ್ವಲ್ಪ ಇಳಿಸಿ, ಮಿಡ್ (ನಡುವಿನ ಸ್ವರಗಳು) ಒಂದೆರಡು ಗೆರೆ ಏರಿಸಿದೆ. ದನಿ ಮುಂದೆ ಬಂತು. ನಿಮ್ಮ ಮೊಬೈಲಿನ ಈಕ್ವಲೈಸರ್‌ನಲ್ಲೂ ಇದನ್ನು ಮಾಡಬಹುದು.

ಐರನ್ ಮೇಡನ್ ಥರಾನೇ ಇದೆಯಾ?

ಇಲ್ಲ. ಮೇಡನ್‌ನಲ್ಲಿ ಮೂರು ಗಿಟಾರ್ ಒಟ್ಟಿಗೆ ಓಡುತ್ತವೆ, ಸ್ಟೀವ್ ಹ್ಯಾರಿಸ್ ಅವರ ಬೇಸ್ ಕುದುರೆಯ ಹಾಗೆ ದೌಡಾಯಿಸುತ್ತದೆ. ಇಲ್ಲಿ ನಡಿಗೆ ನಿಧಾನ, ಗಿಟಾರ್ ದಪ್ಪ. ದನಿ ಒಂದೇ, ಮನೆ ಬೇರೆ.

ಇಂಗ್ಲಿಷ್ ಅಷ್ಟಕ್ಕಷ್ಟೇ. ನನಗೆ ಅರ್ಥ ಆಗುತ್ತಾ?

ನನಗೂ ಎಲ್ಲ ಒಮ್ಮೆಲೇ ತಿಳಿಯಲಿಲ್ಲ. ಡಿಕಿನ್ಸನ್ ಅವರ ಉಚ್ಚಾರ ಬಿಡಿಬಿಡಿಯಾಗಿ, ತುಂಬ ಸ್ಪಷ್ಟವಾಗಿ ಇರುತ್ತದೆ. ಎರಡು ಸಲ ಸುಮ್ನೆ ಕೇಳಿ. ಮೂರನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು ಕೇಳಿ. ಒಂದು ಕಾಲಕ್ಕೆ ಹಿಂದಿ ಬಾರದ ನಮ್ಮೂರ ಅಜ್ಜಂದಿರು ಭೀಮಸೇನ ಜೋಶಿಯವರ ಚೀಜ್ (ಹಿಂದುಸ್ತಾನಿ ಹಾಡು) ಕೇಳಿ ಕಣ್ಣೀರು ಹಾಕುತ್ತಿದ್ದರು. ಯಾರೂ ಅವರನ್ನು ಅರ್ಥ ಕೇಳಲಿಲ್ಲ.

ಎಲ್ಲಿ, ಯಾವುದರಲ್ಲಿ ಕೇಳಬೇಕು?

ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ದಯವಿಟ್ಟು ಬೇಡ. ಬೇಸ್ ಪೂರ್ತಿ ಹೋಗಿಬಿಡುತ್ತದೆ, ಉಳಿಯುವುದು ಬರೀ ಚರಚರ. ಸಾಧಾರಣ ಬೆಲೆಯ ವೈರ್ ಇಯರ್‌ಫೋನ್ ಆದರೂ ಸಾಕು.

ಜಾಗ ಕೇಳಿದರೆ ನನ್ನ ಉತ್ತರ ಒಂದೇ: ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ರೈಲು. ದೂರ 60 ಕಿಲೋಮೀಟರಿಗೆ ಹತ್ತಿರ, ಸಮಯ ಹೆಚ್ಚು ಕಡಿಮೆ ಆಲ್ಬಮ್‌ನಷ್ಟೇ. ಮಾರ್ಚ್ ಎರಡನೇ ವಾರ ಗದಗಿನಲ್ಲಿ ಒಂದು ಆಂಪ್ಲಿಫೈಯರ್ ತರುವುದಿತ್ತು. ಹುಬ್ಬಳ್ಳಿ ಸ್ಟೇಷನ್ ಬಿಟ್ಟಾಗ ಮೊದಲ ಹಾಡು ಹಚ್ಚಿದೆ. ಕುಸುಗಲ್ ದಾಟಿತು, ಹೆಬಸೂರು ದಾಟಿತು. ಕಡಲೆ ಕಿತ್ತಾಗಿತ್ತು, ಎರಡೂ ಕಡೆ ಎರೆ ಹೊಲ ಖಾಲಿ ಬಿದ್ದು ಬಿರುಕು ಬಿಟ್ಟಿತ್ತು. ಅಣ್ಣಿಗೇರಿ ಹತ್ತಿರ ಎಟರ್ನಿಟಿ ಹ್ಯಾಸ್ ಫೇಲ್ಡ್‌ನ ಕೊಳಲು. ಎದುರಿನ ಸೀಟಿನ ಅಜ್ಜಿ ಬುಟ್ಟಿಯಿಂದ ಸುಲಗಾಯಿ ತೆಗೆದು ಕೈಗಿಟ್ಟರು, "ತಿನ್ನಪಾ" ಅಂದರು. ಒಂದು ಕಿವಿಯ ಇಯರ್‌ಫೋನ್ ತೆಗೆದು ತಿಂದೆ. ಹುಲಕೋಟಿ ದಾಟುವಾಗ ಸೊನಾಟ ಶುರುವಾಯಿತು. ಗದಗ ಬಂದರೂ ಹಾಡು ಮುಗಿದಿರಲಿಲ್ಲ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತು ಮುಗಿಸಿ ಆಮೇಲೆ ಹೊರಗೆ ಬಂದೆ.

ಹಾಡುಗಳನ್ನು ಹಿಂದುಮುಂದು ಮಾಡಬೇಡಿ. ಕೊಟ್ಟ ಕ್ರಮದಲ್ಲೇ, ಒಂದೇ ಸಲಕ್ಕೆ ಕೂತು ಕೇಳಿ. ಇದು ನನ್ನ ವಿನಂತಿ.

ಅವರನ್ನು ನೀವು ಕಣ್ಣಾರೆ ನೋಡಿದ್ದೀರಾ?

ನೋಡಿದ್ದೇನೆ. 2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ. ಐರನ್ ಮೇಡನ್ ನಮ್ಮ ದೇಶದಲ್ಲಿ ಮೊದಲ ಸಲ ಹಾಡಿದ್ದು ಅಂದು. ನಾನಾಗ ಕಾಲೇಜು ಹುಡುಗ. ನಾವು ನಾಲ್ಕು ಜನ ಹಿಂದಿನ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿ ಹತ್ತಿದೆವು. ಬಾಗಿಲ ಬಳಿ ಪೇಪರ್ ಹಾಸಿಕೊಂಡು ಕೂತೇ ಬಂದೆವು. ಸಂಜೆ ಆ ಸಾವಿರಾರು ಜನರ ನಡುವೆ ವೇದಿಕೆ ಕಾಣಲು ಗೆಳೆಯನ ಹೆಗಲು ಹಿಡಿದು ಹಾರಿ ಹಾರಿ ನೋಡಿದ್ದು ನೆನಪಿದೆ. ಡಿಕಿನ್ಸನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುತ್ತ ಹಾಡುತ್ತಿದ್ದರು, ಏದುಸಿರು ಮೈಕಿನಲ್ಲಿ ಕೇಳಲಿಲ್ಲ. ಅಂದೇ ನನಗೆ ಮೈಕಿನ ಹುಚ್ಚು ಹಿಡಿದದ್ದು ಅಂತ ಕಾಣುತ್ತದೆ. ಮನೆಗೆ ಬಂದಾಗ ನನಗೆ ದನಿಯೇ ಇರಲಿಲ್ಲ. ಅವ್ವ ಎರಡು ದಿನ ಅರಿಶಿನ ಹಾಲು ಕೊಟ್ಟಳು. 2009ರ ಫೆಬ್ರವರಿಯಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದಾಗಲೂ ಹೋದೆ.

ಹಿಂದುಸ್ತಾನಿ ಬಿಟ್ಟು ಬೇರೆ ಕೇಳದ ನಮ್ಮ ಅಪ್ಪನಿಗೆ ಯಾವ ಹಾಡು ಕೇಳಿಸಲಿ?

ಫೇಸ್ ಇನ್ ದಿ ಮಿರರ್. ಅದರಲ್ಲಿ ಗದ್ದಲ ಇಲ್ಲ, ಹಾಡುಗಾರ ಮುಂದೆ ಇದ್ದಾನೆ. ಹೊಗಳಿ ಹೇಳಿ ಹಚ್ಚಬೇಡಿ. ಅವರು ಪೇಪರ್ ಓದುತ್ತಿರುವಾಗ ಸಣ್ಣಗೆ ಹಚ್ಚಿ, ಅಷ್ಟೇ.

ನಿಮ್ಮ ಕಾಕಾ ಇದನ್ನು ಕೇಳಿದ್ರಾ?

ಕೇಳಿದರು. ಒಂದು ಮಧ್ಯಾಹ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಿದ್ದರು. ಅದೇ ಫೇಸ್ ಇನ್ ದಿ ಮಿರರ್ ಹಾಡು ನಡೆದಿತ್ತು. ಬಾಟಲಿಯ ಮುಚ್ಚಳ ತಿರುವುತ್ತ ಸುಮಾರು ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ಯಾರಪಾ ಇಂವ?" ಅಂದರು. ಹೇಳಿದೆ. ಕ್ಯಾನ್ಸರ್ ವಿಷಯವನ್ನೂ ಹೇಳಿದೆ.

"ಇವಂಗೂ ಕರೆಂಟ್ ಕೊಟ್ಟಿದ್ರೇನು?"

"ಹೌದು ಕಾಕಾ. ಮೂವತ್ಮೂರು ಸಲ."

"ನನಗ ಮೂವತ್ತೈದು," ಅಂದರು. ಒಂದು ಗುಟುಕು ನೀರು ಕುಡಿದರು. "ಇನ್ನೊಮ್ಮಿ ಹಚ್ಚು."

ಮುಂದಿನ ಸೋಮವಾರ ಗುಡಿಯಲ್ಲಿ ಭಜನೆ ಇತ್ತು, ಮೈಕ್ ನಮ್ಮದೇ. ಎರಡು ವರ್ಷದಿಂದ ಕಾಕಾ ಬರೀ ತಾಳ ಹಾಕುತ್ತಿದ್ದರು. ಅವತ್ತು ಏಕತಾರಿ ತಗೊಂಡು ಕೂತರು. ನಾನು ವೈರ್ ಎಳೆಯುತ್ತಿದ್ದೆ. ನನ್ನನ್ನು ಕರೆದು, ಮೈಕ್ ಸ್ಟ್ಯಾಂಡ್ ತೋರಿಸಿ ಹೇಳಿದರು: "ತಮ್ಮಾ, ಅದನ್ನ ಸ್ವಲ್ಪ ನನ್ನ ಕಡೆ ಸರಿಸು."